‘ಕುಶಲ’ ಶಬ್ದದ ಅರ್ಥವಿಚಾರ

ಕಾಗದ ಬರೆಯುವಾಗ ‘ಇತ್ತ ಎಲ್ಲರೂ ಕುಶಲ’ ಎಂದು ಮೊದಲಿಡುವುದು ಹಿರಿಯರ ವಾಡಿಕೆ. ಅಕ್ಕಸಾಲಿಗನ ಕೈಯನ್ನು ಮೆಚ್ಚುವಾಗಲೂ ‘ಕುಶಲ ಕೆಲಸ’ ಎನ್ನುವರು. ಕ್ಷೇಮಕ್ಕೂ ಕೈಚಳಕಕ್ಕೂ ಒಂದೇ ಶಬ್ದವು ಸಂದುದು ಹೇಗೆ?

ಕುಶವನ್ನು, ಎಂದರೆ ದರ್ಭೆಯನ್ನು, ಕೊಯ್ದು ತರುವವನೇ ಕುಶಲನೆಂದು ಶಾಬ್ದಿಕರ ನಿರ್ವಚನ. ದರ್ಭೆಯ ಅಂಚು ಬಲು ಹರಿತ. ಅವಸರದಿಂದ ಸೆಳೆದರೆ ಬೆರಳು ಸೀಳುವುದು. ಅಂಜಿ ಸಡಿಲವಾಗಿ ಹಿಡಿದರೆ ಹುಲ್ಲು ಜಾರುವುದು. ಹದವರಿತು ಹಿಡಿದವನಿಗೆ ಹುಲ್ಲೂ ದೊರೆಯಿತು, ಕೈಯೂ ಕ್ಷೇಮವಾಗಿ ಉಳಿಯಿತು. ಮಮ್ಮಟನು ಕಾವ್ಯಪ್ರಕಾಶದಲ್ಲಿ ಈ ಶಬ್ದವನ್ನು ರೂಢಿಲಕ್ಷಣೆಗೆ ಉದಾಹರಿಸಿದನು. ಸಾಹಿತ್ಯದರ್ಪಣದ ವಿಶ್ವನಾಥನು ಅದನ್ನೊಪ್ಪದೆ, ನಿಪುಣನೆಂಬುದೇ ಮುಖ್ಯಾರ್ಥವೆಂದನು. ಆ ವಾದ ಪಂಡಿತರಿಗಿರಲಿ. ಗೃಹಸ್ಥರಿಗೆ ಹುಲ್ಲಿನ ದೃಷ್ಟಾಂತವೇ ಸಾಕು.

ಇನ್ನೊಂದು ಮಾತು ಗಮನಾರ್ಹ. ಬ್ರಾಹ್ಮಣನನ್ನು ಕುಶಲವೇ ಎಂದೂ, ಕ್ಷತ್ರಿಯನನ್ನು ಅನಾಮಯವೇ ಎಂದೂ, ವೈಶ್ಯನನ್ನು ಕ್ಷೇಮವೇ ಎಂದೂ, ಶೂದ್ರನನ್ನು ಆರೋಗ್ಯವೇ ಎಂದೂ ಕೇಳತಕ್ಕದ್ದೆಂದು ಮನುಸ್ಮೃತಿಯ 2ನೆಯ ಅಧ್ಯಾಯದ ವಿಧಿ. ಕುಶಲಪ್ರಶ್ನೆಗೂ ವರ್ಣದ ಬೇಲಿ! ಕನ್ನಡಿಗನ ನಾಲಗೆಯಾದರೋ ಆ ಬೇಲಿಯನ್ನು ಎಂದೋ ದಾಟಿ, ಎದುರಾದವರೆಲ್ಲರ ಕುಶಲವನ್ನೂ ವಿಚಾರಿಸುತ್ತದೆ.

12ನೆಯ ಶತಮಾನದ ಶರಣರಲ್ಲಿ ಹುಲ್ಲು ಕೊಯ್ಯುವುದನ್ನೇ ಕಾಯಕವಾಗಿಸಿಕೊಂಡವನು ನುಲಿಯ ಚಂದಯ್ಯ. ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದುದರಿಂದ ಜಂಗಮದಾಸೋಹ ನಡೆಸಿದನು. ಕೊಯ್ಯುತ್ತಿರುವಾಗ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದರೂ ಆತನು ಕಾಯಕವನ್ನು ನಿಲ್ಲಿಸಲಿಲ್ಲವೆಂಬ ಕಥೆ ಪ್ರಸಿದ್ಧವೇ ಆಗಿದೆ. ಕುಡುಗೋಲು ಬಲಗೈಯಲ್ಲಿದ್ದರೆ ಹುಲ್ಲಿನ ಹಿಡಿ ಎಡಗೈಯಲ್ಲಿ. ಪೂಜಾಕಾಲದಲ್ಲಿ ಲಿಂಗಕ್ಕೆ ಪೀಠವಾಗುವುದೂ ಆ ಎಡಗೈಯೇ. ಕೈಯನ್ನು ಗಾಯವಾಗದಂತೆ ಕಾಯುವುದು ಭಕ್ತನಿಗೆ ಪೂಜೆಯ ಸಿದ್ಧತೆಯೂ ಆಯಿತು.

ತಕ್ಕಡಿಯ ದಂಡಿಗೆ ಕಿರುಬೆರಳು ಸೋಕಿಸಿ ತೂಕ ಕದಿಯುವ ವರ್ತಕನಲ್ಲಿಯೂ ಸೂಕ್ಷ್ಮತೆಯುಂಟಲ್ಲವೇ ಎಂದು ಕೇಳಬಹುದು. ಉಂಟು. ಆದರೆ ಅಲ್ಲಿ ಸೀಳುವುದು ಕೊಳ್ಳುವವನ ಕೈ. ಲೋಕವು ಅವನನ್ನು ಜಾಣನೆಂದೀತು, ಕುಶಲನೆಂದರೆ ಶಬ್ದಕ್ಕೆ ಅಪಚಾರ. ಅದೇ ಕೈಯ ಮೇಲೆ ಮರುದಿನ ಬೆಳಗ್ಗೆ ಲಿಂಗವನ್ನಿರಿಸಬೇಕಾದವನು ಅವನೇ.

ದಾನದಲ್ಲಿಯೂ ಈ ಹದ ಬೇಕು. ಬರಗಾಲದಲ್ಲಿ ಕಡ ಕೇಳಲು ಬಂದ ನೆಂಟನಿಗೆ ಜೋಳ ಅಳೆದುಕೊಟ್ಟು, ಹಿಂದಿನ ವರ್ಷದ ಬಾಕಿಯನ್ನೂ ಎಣಿಸಿ ಹೇಳುವವರುಂಟು. ಚೀಲವೇನೋ ತುಂಬಿತು, ಮುಖ ಬಾಡಿತು. ಕೆಲವು ಮನೆಗಳಲ್ಲಿ ಗೃಹಿಣಿಯರು ಅವನು ಬಾಯಿ ತೆರೆಯುವ ಮುನ್ನವೇ ಎಲೆ ಹಾಕಿ, ಉಂಡಾದ ಮೇಲೆ ‘ಮಕ್ಕಳಿಗೆ ಒಯ್ಯಿರಿ ಅಣ್ಣಾ’ ಎಂದು ಚೀಲವನ್ನು ಮಗನ ಕೈಲಿ ಬಂಡಿಗೆ ಹೊರಿಸಿಬಿಡುತ್ತಾರೆ.