ಅರಿವಿಗೂ ಒಂದು ಝಕಾತ್ ಇದೆ



ಸಂಪತ್ತು ನಿಗದಿತ ಮಿತಿಯನ್ನು ತಲಪಿ ವರ್ಷ ತುಂಬಿದರೆ ಅದರ ಝಕಾತ್ ಕೊಡಬೇಕೆಂಬುದು ನಮ್ಮ ಮನೆಯ ಮಕ್ಕಳಿಗೂ ಗೊತ್ತು. ರಮಝಾನ್ ಬಂತೆಂದರೆ ನಾವು ಲೆಕ್ಕ ಹಾಕಿ ಶೇಕಡಾ ಎರಡೂವರೆ ಭಾಗವನ್ನು ತೆಗೆದಿಡುತ್ತೇವೆ. ಆದರೆ ಅಲ್ಲಾಹನು ದಯಪಾಲಿಸಿದ ಅರಿವಿನ ಲೆಕ್ಕವನ್ನು ನಾವೆಂದಾದರೂ ಹಾಕಿದ್ದೇವೆಯೇ? ಧರ್ಮಶಾಸ್ತ್ರದ ಅರ್ಥದಲ್ಲಿ ಅದು ಝಕಾತ್ ಅಲ್ಲದಿರಬಹುದು. ಆದರೆ ಕಲಿತವನ ಮೇಲೆ ಕಲಿಯದವನ ಹಕ್ಕು ಇದೆ ಎಂಬುದರಲ್ಲಿ ಸಂಶಯವಿಲ್ಲ. ಕೇಳಿದಾಗ ಜ್ಞಾನವನ್ನು ಬಚ್ಚಿಡುವವನಿಗೆ ಪ್ರವಾದಿವರ್ಯರು(ಸ) ಕಠಿಣ ಎಚ್ಚರಿಕೆ ಕೊಟ್ಟಿದ್ದಾರೆ. ಮನುಷ್ಯನು ಸತ್ತ ಮೇಲೂ ನಿಲ್ಲದ ಪುಣ್ಯಗಳಲ್ಲಿ ಇತರರಿಗೆ ಉಪಯುಕ್ತವಾದ ಜ್ಞಾನವನ್ನೂ ಎಣಿಸಿದ್ದಾರೆ.

ಕಲಿಸಲೆಂದೇ ಊರು ಬಿಟ್ಟವರ ಇತಿಹಾಸ ನಮ್ಮಲ್ಲಿ ದೊಡ್ಡದು. ಮಕ್ಕಾದ ಶ್ರೀಮಂತ ಮನೆತನದ ಯುವಕ ಮುಸ್‌ಅಬ್ ಬಿನ್ ಉಮೈರ್(ರ) ಹಿಜ್‌ರತ್‌ಗೆ ಮೊದಲೇ ಮದೀನಾಕ್ಕೆ ಶಿಕ್ಷಕರಾಗಿ ಹೋದರು. ಮುಂದೆ ಉಹುದ್‌ನಲ್ಲಿ ಅವರು ಹುತಾತ್ಮರಾದಾಗ ಕಫನ್‌ನ ಬಟ್ಟೆ ಅವರ ಮೈ ಮುಚ್ಚುವಷ್ಟೂ ಇರಲಿಲ್ಲ. ಮುಆದ್ ಬಿನ್ ಜಬಲ್‌ರನ್ನು(ರ) ಯಮನಿಗೆ ಕಳುಹಿಸುವಾಗ, ಜನರಿಗೆ ಸುಲಭ ಮಾಡಿಕೊಡಬೇಕೆಂದೂ ಅವರನ್ನು ಕಷ್ಟಕ್ಕೆ ತಳ್ಳಬಾರದೆಂದೂ ಪ್ರವಾದಿವರ್ಯರು(ಸ) ಉಪದೇಶಿಸಿದರು. ಬದ್ರ್‌ನಲ್ಲಿ ಸೆರೆಸಿಕ್ಕ ಶತ್ರುಗಳಲ್ಲಿ ಹಣವಿಲ್ಲದ, ಆದರೆ ಅಕ್ಷರ ಬಲ್ಲವರು ಮದೀನಾದ ತಲಾ ಹತ್ತು ಮಕ್ಕಳಿಗೆ ಬರೆಯಲು ಕಲಿಸಿ ಬಿಡುಗಡೆ ಹೊಂದಿದರೆಂಬ ವರದಿಯಿದೆ. ಶತ್ರುವಿನಿಂದಲೂ ಅಕ್ಷರ ಕಲಿಯಲು ಹಿಂಜರಿಯದ ಸಮುದಾಯ ಅದು.

ಇತರರಲ್ಲಿಯೂ ಇಂಥ ಉದಾಹರಣೆಗಳಿವೆ. ಪಶ್ಚಿಮ ಆಫ್ರಿಕದ ಘಾನಾ 1957ರಲ್ಲಿ ಸ್ವತಂತ್ರವಾಯಿತು. ಶಾಲೆಗಳು ಹೆಚ್ಚಿದವು, ಅಧ್ಯಾಪಕರು ಸಾಲದಾದರು. 1961ರ ಆಗಸ್ಟ್‌ನಲ್ಲಿ ಅಮೆರಿಕದ ಸುಮಾರು ಐವತ್ತು ಯುವಕ ಯುವತಿಯರು ಅಲ್ಲಿಗೆ ಪಾಠ ಹೇಳಲು ಬಂದಿಳಿದರು. ಅವರ ಸರಕಾರದ ರಾಜಕೀಯ ಲೆಕ್ಕಾಚಾರ ಏನೇ ಇದ್ದಿರಲಿ, ಮನೆ ಬಿಟ್ಟು, ಅಲ್ಪ ಭತ್ಯೆಯಲ್ಲಿ, ಪರರ ಮಕ್ಕಳಿಗಾಗಿ ಎರಡು ವರ್ಷ ಕೊಡಲು ಹೊರಟ ಆ ಯುವಜನರ ಮುಂದೆ ನಾವು ಎಲ್ಲಿದ್ದೇವೆ?

ಆ ಪಶ್ಚಿಮ ಆಫ್ರಿಕಕ್ಕೂ ನಮ್ಮ ಕನ್ನಡ ನಾಡಿಗೂ ಒಂದು ಹಳೆಯ ನಂಟಿದೆ. ಪ್ರವಾಸಿ ಇಬ್ನ್ ಬತೂತ ಎರಡೂ ಕಡೆ ಹೋಗಿದ್ದರು. 1352ರಲ್ಲಿ ಮಾಲಿಗೆ ಹೋದಾಗ, ಮಕ್ಕಳಿಗೆ ಕುರ್‌ಆನ್ ಕಂಠಪಾಠ ಮಾಡಿಸುವುದರಲ್ಲಿ ಅಲ್ಲಿನವರಿಗಿದ್ದ ಶ್ರದ್ಧೆಯನ್ನು ಕಂಡರು. ಅದಕ್ಕೂ ಮೊದಲು, 1340ರ ದಶಕದಲ್ಲಿ, ನಮ್ಮ ಹೊನ್ನಾವರಕ್ಕೆ ಬಂದಿದ್ದಾಗ ಹುಡುಗರಿಗೆ 23, ಹುಡುಗಿಯರಿಗೆ 13 ಪಾಠಶಾಲೆಗಳಿದ್ದುದನ್ನು ದಾಖಲಿಸಿದ್ದಾರೆ. ಸುಮಾರು ಏಳು ಶತಮಾನಗಳ ಹಿಂದೆ ಒಂದೇ ಊರಲ್ಲಿ ಹೆಣ್ಣುಮಕ್ಕಳಿಗೆ ಹದಿಮೂರು ಶಾಲೆಗಳು!

ನಮ್ಮ ಕಲಬುರಗಿ ಸೀಮೆಯೂ ಹೊರಗಿನಿಂದ ಬಂದ ಗುರುಗಳ ಋಣ ಹೊತ್ತಿದೆ. ಖ್ವಾಜಾ ಬಂದೇನವಾಝ್‌ರು ದಿಲ್ಲಿ ಬಿಟ್ಟು ಇಲ್ಲಿಗೆ ಬಂದಾಗ ಅವರಿಗೆ ಎಂಬತ್ತರ ಹತ್ತಿರದ ವಯಸ್ಸು. 1422ರಲ್ಲಿ ನಿಧನರಾಗುವವರೆಗೂ ಬೋಧಿಸಿದರು. ಇರಾನಿನ ಗೀಲಾನ್‌ನಿಂದ ಬಂದ ಮಹಮೂದ್ ಗವಾನ್ 1472ರಲ್ಲಿ ಬೀದರಿನಲ್ಲಿ ಮದ್ರಸ ಕಟ್ಟಿಸಿದರು.

ಇಷ್ಟು ಪಡೆದ ಸೀಮೆಯ ಇಂದಿನ ಸ್ಥಿತಿಯನ್ನು ನೋಡಿರಿ. 2002ರಲ್ಲಿ ವರದಿ ಕೊಟ್ಟ ಡಾ. ನಂಜುಂಡಪ್ಪ ಸಮಿತಿಯು ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿದ್ದವು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ 75ರಷ್ಟಿದ್ದರೆ ನಮ್ಮ ಜಿಲ್ಲೆಯದು 65ರಷ್ಟು. ಮಹಿಳೆಯರದು 55ರಷ್ಟು ಮಾತ್ರ. ಭೀಮೆ ಹರಿಯುವ ನೆಲ, ತೊಗರಿಯ ಕಣಜ. ಆದರೂ ಸುಗ್ಗಿ ಮುಗಿದರೆ ಕೂಲಿ ಹುಡುಕಿ ಗುಳೆ ಹೋಗುವ ತಂದೆತಾಯಿಯ ಬೆನ್ನಿಗೆ ಮಕ್ಕಳೂ ಹೋಗುತ್ತಾರೆ. ಮರಳಿ ಬಂದಾಗ ಪಾಠ ಮುಂದೆ ಹೋಗಿರುತ್ತದೆ, ಹುಡುಗ ನಾಚಿ ಹಿಂದಿನ ಬೆಂಚಿನಲ್ಲಿ ಕೂರುತ್ತಾನೆ, ಮರುವರ್ಷ ಶಾಲೆಯಲ್ಲೇ ಇರುವುದಿಲ್ಲ. ಮನೆಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ. ಎರಡರ ನಡುವೆ ತೊದಲುವ ಮಗುವನ್ನು ನಾವು ದಡ್ಡನೆಂದು ಕರೆದುಬಿಡುತ್ತೇವೆ. ಬ್ಯಾಂಕಿನ ಬಾಗಿಲಲ್ಲಿ ಚೀಟಿ ಹಿಡಿದು, ತುಂಬಿಕೊಡುವವರಿಗಾಗಿ ಕಾಯುವ ಮುದುಕಿ ನಮ್ಮದೇ ಓಣಿಯವಳು.

ಇಲ್ಲಿಂದ ಓದಿ ಮೇಲೆ ಬಂದವರು ಇಲ್ಲವೇ? ಬೆಂಗಳೂರಿನಲ್ಲಿ, ಹೈದರಾಬಾದಿನಲ್ಲಿ, ಗಲ್ಫ್‌ನಲ್ಲಿ ಇದ್ದಾರೆ. ಈದ್‌ಗೆ ಬರುತ್ತಾರೆ, ಮಸೀದಿಗೆ ಬಣ್ಣ ಮಾಡಿಸುತ್ತಾರೆ, ಹೋಗುತ್ತಾರೆ. ಅಲ್ಲಾಹನು ಅವರ ದಾನವನ್ನು ಸ್ವೀಕರಿಸಲಿ. ಆದರೆ ಹಣ ಕಳುಹಿಸಿದ ಮಾತ್ರಕ್ಕೆ ಅರಿವಿನ ಋಣ ತೀರುವುದಿಲ್ಲ. ಅದನ್ನು ಎದುರು ಕುಳಿತೇ ತೀರಿಸಬೇಕು.

ಸಹೋದರರೇ, ಇದಕ್ಕಾಗಿ ಘಾನಾಕ್ಕೆ ಹೋಗಬೇಕಾಗಿಲ್ಲ. ವಾರದಲ್ಲಿ ಎರಡು ಸಂಜೆ, ಮಗ್ರಿಬ್ ಮತ್ತು ಇಶಾ ನಮಾಝಿನ ನಡುವೆ, ನಾಲ್ಕು ಮಕ್ಕಳನ್ನು ಕೂರಿಸಿ ಕನ್ನಡ, ಲೆಕ್ಕ ಹೇಳಿಕೊಡಿರಿ. ಆ ನಾಲ್ವರಲ್ಲಿ ನೆರೆಮನೆಯ ಹಿಂದೂ ಮಗುವೂ ಇರಲಿ. ನೆರೆಯವನ ಹಕ್ಕು ಧರ್ಮ ಕೇಳುವುದಿಲ್ಲ. ಸಹೋದರಿಯರು ಮನೆಯಂಗಳದಲ್ಲಿ ಇಬ್ಬರು ಹೆಂಗಸರಿಗೆ ಸಹಿ ಮಾಡಲು ಕಲಿಸಲಿ. ಗುಳೆ ಹೋಗುವ ಬಂಧುವಿನ ಮಗಳನ್ನು ಪರೀಕ್ಷೆ ಮುಗಿಯುವವರೆಗೆ ನಿಮ್ಮ ಮನೆಯಲ್ಲಿ ಇರಿಸಿಕೊಳ್ಳಿರಿ. ಏಳನೆಯ ತರಗತಿಗೆ ಸಾಕೆನ್ನುವ ತಂದೆಗೆ ಹೊನ್ನಾವರದ ಆ ಹದಿಮೂರು ಶಾಲೆಗಳ ಮಾತು ಹೇಳಿರಿ.

ಒಂದೇ ಎಚ್ಚರಿಕೆ. ಕಲಿಸಿದ್ದನ್ನು ಎತ್ತಿ ಆಡಬೇಡಿರಿ. ಉಪಕಾರವನ್ನು ಎತ್ತಿ ಆಡಿ, ನೋಯಿಸಿ, ದಾನವನ್ನು ನಿಷ್ಫಲಗೊಳಿಸಬಾರದೆಂದು ಅಲ್-ಬಕರ ಅಧ್ಯಾಯದಲ್ಲಿ ಅಲ್ಲಾಹನು ವಿಶ್ವಾಸಿಗಳನ್ನು ಎಚ್ಚರಿಸಿದ್ದಾನೆ. ನಿಮ್ಮ ಮುಂದೆ ಕುಳಿತ ಮಗು ನಿಮ್ಮ ಋಣದಲ್ಲಿಲ್ಲ. ನಿಮ್ಮ ಋಣ ತೀರಿಸಲು ಅದು ನಿಮಗೆ ಅವಕಾಶ ಕೊಟ್ಟಿದೆ.

ನಾಳೆ ಪರಲೋಕದಲ್ಲಿ ನಮ್ಮ ಸಂಪತ್ತಿನ ಜೊತೆ ನಮ್ಮ ಅರಿವಿನ ಬಗ್ಗೆಯೂ ಪ್ರಶ್ನೆಯಿದೆ: ಅದರಿಂದ ಏನು ಮಾಡಿದೆ? ಆಗ ನಮ್ಮ ಓಣಿಯ ಒಂದು ಮಗುವಾದರೂ ನಮ್ಮ ಪರವಾಗಿ ಸಾಕ್ಷಿ ನುಡಿಯುವಂತೆ ಬಾಳಲು ಅಲ್ಲಾಹನು ನಮ್ಮೆಲ್ಲರನ್ನು ಅನುಗ್ರಹಿಸಲಿ. ಆಮೀನ್.