ಒಲ್ಲದ ಇಬ್ಬರ ನಡುವೆ

ಲಂಡನ್ ನಗರಕ್ಕೆ ಹೋದ ಸದ್ಭಕ್ತರು ಥೇಮ್ಸ್ ನದಿಯ ದಂಡೆಯಲ್ಲಿರುವ ಬಸವೇಶ್ವರರ ಪ್ರತಿಮೆಗೆ ಕೈಮುಗಿದು ಬರುವುದುಂಟು. 2015ನೆಯ ನವೆಂಬರ್ 14ರಂದು ಅದು ಅನಾವರಣಗೊಂಡಿತು. ನದಿಯ ಆಚೆಯ ದಡದಲ್ಲಿ ಆಂಗ್ಲರ ಪಾರ್ಲಿಮೆಂಟ್ ಭವನವಿದೆ. ಅನುಭವ ಮಂಟಪದ ಮಹಾಪುರುಷರ ಮೂರ್ತಿಗೆ ಆ ಸ್ಥಳವು ಉಚಿತವೆಂದು ನಾವೆಲ್ಲ ಹರ್ಷಪಟ್ಟೆವು. ಆದರೆ ಆ ಭವನದ ಸದಸ್ಯರನ್ನು ಆರಿಸುವ ಪ್ರಜೆಯು 2019ರ ಡಿಸೆಂಬರ್ 12ರಂದು ಎಂತಹ ಧರ್ಮಸಂಕಟಕ್ಕೆ ಸಿಲುಕಿದ್ದನೆಂಬುದನ್ನು ನಮ್ಮಲ್ಲಿ ಯೋಚಿಸಿದವರು ವಿರಳ. ಸಂಕಟವು ಆಂಗ್ಲರದು, ಅದರೊಳಗಿನ ಪ್ರಶ್ನೆಯಾದರೋ ಶರಣಧರ್ಮಕ್ಕೆ ಹೊಸದಲ್ಲ.

ಐರೋಪ್ಯ ಒಕ್ಕೂಟವನ್ನು ಬಿಡುವ ವಿವಾದದಿಂದ ದೇಶವೇ ಒಡೆದಿದ್ದ ಕಾಲವದು. ಕನ್ಸರ್ವೇಟಿವ್ ಪಕ್ಷಕ್ಕೆ ಬೋರಿಸ್ ಜಾನ್ಸನ್ನರೂ ಲೇಬರ್ ಪಕ್ಷಕ್ಕೆ ಜೆರೆಮಿ ಕಾರ್ಬಿನ್ನರೂ ನಾಯಕರು. ಜಾನ್ಸನ್ನರು ತಾರುಣ್ಯದಲ್ಲಿ ಪತ್ರಿಕೆಯ ಕೆಲಸವನ್ನು ಕಳೆದುಕೊಂಡುದು ಇನ್ನೊಬ್ಬರು ಆಡದ ಮಾತನ್ನು ಅವರ ಬಾಯಲ್ಲಿಟ್ಟು ಬರೆದುದರಿಂದ. ಪ್ರಧಾನಿಯಾದ ಮೇಲೆ ಪಾರ್ಲಿಮೆಂಟಿನ ಅಧಿವೇಶನವನ್ನು ಮುಚ್ಚಿಸಿದರು. ಅದು ಕಾನೂನಿಗೆ ವಿರುದ್ಧವೆಂದು 2019ರ ಸೆಪ್ಟೆಂಬರ್ 24ರಂದು ಸರ್ವೋಚ್ಚ ನ್ಯಾಯಾಲಯದ 11 ಮಂದಿ ನ್ಯಾಯಾಧೀಶರು ಏಕಾಭಿಪ್ರಾಯದಿಂದ ತೀರ್ಪಿತ್ತರು. ನವೆಂಬರ್ 19ರಂದು ಇಬ್ಬರು ನಾಯಕರೂ ಟೆಲಿವಿಷನ್ನಿನಲ್ಲಿ ಎದುರುಬದುರಾಗಿ ವಾದಿಸಿದರು. ಈ ಚುನಾವಣೆಯಲ್ಲಿ ಸತ್ಯಕ್ಕೆ ಬೆಲೆಯುಂಟೇ ಎಂದು ಅಲ್ಲಿ ಕೇಳಿದಾಗ, ಉಂಟೆಂದು ಜಾನ್ಸನ್ನರು ಹೇಳುತ್ತಿದ್ದಂತೆಯೇ ಸಭಿಕರು ನಕ್ಕುಬಿಟ್ಟರು.

ಇನ್ನು ಕಾರ್ಬಿನ್ನರು. ಸರಳಜೀವಿ, ಬಡವರ ಪಕ್ಷಪಾತಿಯೆಂದು ಅವರನ್ನು ಮನಸಾರೆ ಮೆಚ್ಚಿದವರಿದ್ದರು. ಆದರೆ ಯೆಹೂದ್ಯರ ಮೇಲಿನ ದ್ವೇಷವು ತಮ್ಮ ಪಕ್ಷದಲ್ಲಿಯೇ ತಲೆಯೆತ್ತಿದಾಗ ಅವರು ಅದನ್ನು ಮೆಟ್ಟಲಿಲ್ಲವೆಂಬ ಆರೋಪವು ಬಲವಾಗಿತ್ತು. ಆ ದೇಶದ ಸಮಾನತಾ ಆಯೋಗವು 2019ರ ಮೇ ತಿಂಗಳಲ್ಲಿಯೇ ವಿಚಾರಣೆಯನ್ನು ಆರಂಭಿಸಿತ್ತು. ಪಕ್ಷವು ಕಾನೂನನ್ನು ಮುರಿದುದು ನಿಜವೆಂದು 2020ರ ಅಕ್ಟೋಬರಿನಲ್ಲಿ ವರದಿಯಿತ್ತಿತು. 2019ರ ಸೆಪ್ಟೆಂಬರಿನ ಒಂದು ಜನಾಭಿಪ್ರಾಯ ಸಂಗ್ರಹದಲ್ಲಿ ನೂರಕ್ಕೆ 76 ಮಂದಿ ಕಾರ್ಬಿನ್ನರ ಬಗೆಗೆ ಅತೃಪ್ತರು, ತೃಪ್ತರು 16 ಮಂದಿ ಮಾತ್ರ. ಜಾನ್ಸನ್ನರಿಗೂ ಮೆಚ್ಚಿದವರಿಗಿಂತ ಮೆಚ್ಚದವರೇ ಹೆಚ್ಚು. ಈ ಇಬ್ಬರಲ್ಲಿ ಒಬ್ಬರು ಪ್ರಧಾನಿಯಾಗುವುದು ಖಚಿತ.

ಇಂತಹ ವೇಳೆಯಲ್ಲಿ ಸಜ್ಜನನು ಏನು ಮಾಡಬೇಕು? “ಇಬ್ಬರೂ ಬೇಡ, ನನ್ನ ಕೈಯನ್ನು ಕೆಸರುಮಾಡಿಕೊಳ್ಳಲಾರೆ” ಎಂದು ಬಾಗಿಲು ಹಾಕಿಕೊಳ್ಳುವುದು ಎಲ್ಲಕ್ಕಿಂತ ಸುಲಭವಾಗಿ ತೋರುವ ಉತ್ತರ. ಆ ಚುನಾವಣೆಯಲ್ಲಿ ನೂರಕ್ಕೆ 67.3ರಷ್ಟು ಮತದಾರರು ಮತವಿತ್ತರು. ಉಳಿದವರಲ್ಲಿ ಸೋಮಾರಿಗಳೆಷ್ಟು, ಕಾಯಿಲೆಯವರೆಷ್ಟು, ಮನನೊಂದವರೆಷ್ಟು ಎಂದು ವಿಂಗಡಿಸಲಾಗದು. ನಮ್ಮ ದೇಶದಲ್ಲಿ 2013ರಿಂದ ‘ನೋಟಾ’ ಎಂಬುದೊಂದು ಗುಂಡಿಯುಂಟು. ಅಲ್ಲಿ ಅದಿಲ್ಲ, ಬೇಕಾದವರು ಮತಪತ್ರವನ್ನು ಕೆಡಿಸಿ ಹಾಕಬಹುದು, ಅಷ್ಟೇ.

ಮನನೊಂದು ಮನೆಯಲ್ಲಿ ಕುಳಿತವರನ್ನು ನಾನು ಹಳಿಯಲಾರೆ. ಆದರೂ ಆ ನಿಲವಿನೊಳಗೆ ನಮಗೆ ಚೆನ್ನಾಗಿ ಪರಿಚಯವುಳ್ಳ ಒಂದು ವಸ್ತು ಅಡಗಿದೆಯೆಂದು ತೋರುತ್ತದೆ. ಅದರ ಹೆಸರು ಮಡಿ. ಮುಟ್ಟಿದರೆ ಮೈಲಿಗೆ, ದೂರ ನಿಂತರೆ ಶುದ್ಧಿ ಎಂಬ ಎಣಿಕೆಯದು. ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಅಲ್ಲಗಳೆದರು. ಮೈಲಿಗೆಯು ಮುಟ್ಟುವ ಕೈಯಲ್ಲಿಲ್ಲ, ಮುಟ್ಟಿಸುವ ಮನಸ್ಸಿನಲ್ಲಿದೆಯೆಂದು ಬಗೆದರು. ಮತಪತ್ರದ ವಿಷಯಕ್ಕೆ ಬಂದೊಡನೆ ನಾವು ಮರಳಿ ಮಡಿಯನ್ನೇ ಉಟ್ಟುಕೊಳ್ಳುವುದೇ?

ಬಸವಣ್ಣನವರ ಬಾಳನ್ನೇ ನೋಡಬಹುದು. ಅವರು ಭಂಡಾರಿಯಾಗಿದ್ದುದು ಯಾರ ಬಳಿಯಲ್ಲಿ? ಸಾಮಂತನಾಗಿದ್ದು ಚಾಲುಕ್ಯರ ಸಿಂಹಾಸನವನ್ನೇ ಕೈವಶ ಮಾಡಿಕೊಂಡ ಬಿಜ್ಜಳನ ಬಳಿಯಲ್ಲಿ. ಭವಿಯ ಗದ್ದುಗೆಯ ಕೆಳಗೆ ಕುಳಿತು ಓಲೈಸುತ್ತಾನೆಂದು ಅವರನ್ನು ಆಡಿಕೊಂಡವರು ಹೊರಗಿನವರಲ್ಲ, ಭಕ್ತರೇ. ಈ ನಿಂದೆಯನ್ನು ಅವರು ತಮ್ಮ ವಚನದಲ್ಲಿ ಮುಚ್ಚಿಡದೆ ಎತ್ತಿಕೊಂಡಿದ್ದಾರೆ. ಅಲ್ಲಿಯ ಉತ್ತರದ ತಾತ್ಪರ್ಯವು ಗಮನಾರ್ಹವಾದುದು. ಬಿಜ್ಜಳನು ಒಳ್ಳೆಯವನೆಂದು ಅವರು ಸಮರ್ಥಿಸುವುದಿಲ್ಲ. ತನ್ನ ಒಡಲಿಗಾಗಿ ದುಡಿದರೆ ತಾನು ತಪ್ಪಿತಸ್ಥ, ದಾಸೋಹಕ್ಕಾಗಿ ದುಡಿದರೆ ಅಲ್ಲ ಎಂಬುದೇ ಅವರ ಪಕ್ಷ. ಅರಸನು ಎಂತಹವನೆಂಬ ಪ್ರಶ್ನೆಯನ್ನು, ಈ ದುಡಿಮೆಯ ಫಲವು ಯಾರಿಗೆ ಸೇರುವುದೆಂಬ ಪ್ರಶ್ನೆಯತ್ತ ಅವರು ತಿರುಗಿಸಿದರು.

ಮತವನ್ನೂ ಹೀಗೆಯೇ ನೋಡಬಹುದಲ್ಲವೇ? ಅದನ್ನು ನಾಯಕನ ಕೊರಳಿಗೆ ಹಾಕುವ ಹಾರವೆಂದು ಭಾವಿಸಿದುದರಿಂದಲೇ ನಮಗೆ ಇಷ್ಟು ಸಂಕೋಚ. ವಾಸ್ತವವಾಗಿ ಆ ದೇಶದಲ್ಲಿ ಕ್ಷೇತ್ರಗಳು 650. ಜಾನ್ಸನ್ನರ ಹೆಸರಾಗಲಿ ಕಾರ್ಬಿನ್ನರ ಹೆಸರಾಗಲಿ ಮತಪತ್ರದಲ್ಲಿದ್ದುದು ಅವರವರ ಒಂದೊಂದು ಕ್ಷೇತ್ರದಲ್ಲಿ ಮಾತ್ರ. ಮಿಕ್ಕವರೆಲ್ಲರೂ ತಮ್ಮ ಊರಿನ ಪ್ರತಿನಿಧಿಯನ್ನು ಆರಿಸಬೇಕಾಗಿತ್ತು. ಅವನು ನಡತೆಯುಳ್ಳವನೇ, ನೆರೆಯ ಬಡವನ ಅಹವಾಲನ್ನು ಕೇಳುವವನೇ ಎಂದು ತೂಗಿನೋಡುವುದಕ್ಕೆ ಅವಕಾಶವಿತ್ತು. ಸ್ಕಾಟ್ಲೆಂಡಿನ ಈಶಾನ್ಯ ಫೈಫ್ ಕ್ಷೇತ್ರದಲ್ಲಿ 2017ರಲ್ಲಿ ಗೆದ್ದವರಿಗೂ ಸೋತವರಿಗೂ ಇದ್ದ ಅಂತರ ಎರಡೇ ಮತಗಳು. ಅಂದು ಅಲ್ಲಿ ಮಡಿಯಲ್ಲಿ ಕುಳಿತ ಮೂವರು ಎದ್ದು ಹೋಗಿದ್ದರೆ ಫಲಿತಾಂಶವೇ ಬೇರೆಯಾಗಬಹುದಾಗಿತ್ತು.

ಇಲ್ಲೊಂದು ಆಕ್ಷೇಪವು ಬರುವುದು ಸಹಜ. ಬಸವಣ್ಣನವರು ಕಡೆಗೆ ಬಿಜ್ಜಳನನ್ನು ಬಿಟ್ಟು ಹೋಗಲಿಲ್ಲವೇ? ಹೋದರು. ಹರಳಯ್ಯ ಮಧುವರಸರಿಗೆ ಎಳೆಹೂಟೆಯ ಶಿಕ್ಷೆಯಾದ ಕಾಲದಲ್ಲಿ ಅವರು ಕಲ್ಯಾಣವನ್ನು ತೊರೆದರೆಂದು ಪರಂಪರೆಯು ಹೇಳುತ್ತದೆ. ಸಹಿಸಲಾಗದ ಎಲ್ಲೆಯೊಂದುಂಟು, ನಿಜ. ಆದರೆ ಅವರು ತೊರೆದುದೇನೆಂದು ಎಣಿಸಬೇಕು: ಪದವಿ, ಮಹಾಮನೆ, ತಾವು ಕಟ್ಟಿ ಬೆಳೆಸಿದ ಸಂಗ. ಆಂಗ್ಲ ದೇಶದಲ್ಲಿಯೂ ಅಂತಹ ತ್ಯಾಗವು ಆ ವರ್ಷ ಕಾಣಸಿಕ್ಕಿತು. ಸೆಪ್ಟೆಂಬರಿನಲ್ಲಿ 21 ಮಂದಿ ಕನ್ಸರ್ವೇಟಿವ್ ಸದಸ್ಯರು ಉಚ್ಚಾಟನೆಯಾಗುವುದೆಂದು ತಿಳಿದೂ ತಮ್ಮ ನಾಯಕನಿಗೆ ವಿರುದ್ಧವಾಗಿ ಮತವಿತ್ತರು. ಅವರಲ್ಲೊಬ್ಬರಾದ ಡೊಮಿನಿಕ್ ಗ್ರೀವ್‌ರು ಸ್ವತಂತ್ರರಾಗಿ ನಿಂತು ಸೋತರು. ಯೆಹೂದ್ಯ ಮನೆತನದ ಲೂಸಿಯಾನಾ ಬರ್ಜರ್‌ರು ಲೇಬರ್ ಪಕ್ಷವನ್ನು ಬಿಟ್ಟು, ಬೇರೆ ಪಕ್ಷದಿಂದ ನಿಂತು ಸೋತರು. ಅವರ ನಿರಾಕರಣೆಗೆ ಬೆಲೆ ತೆತ್ತವರು ಅವರೇ. ಮಳೆಯ ದಿನ ಮನೆಯಲ್ಲಿ ಚಹ ಕುಡಿಯುತ್ತ ಇಬ್ಬರನ್ನೂ ನಿರಾಕರಿಸಿದವನು ತೊರೆದುದೇನು?

ಆದರೆ ನನ್ನ ವಾದವು ಎಲ್ಲರಿಗೂ ಒಪ್ಪುವುದೆಂದು ನಾನೇ ನಂಬಲಾರೆ. ತಲೆಮಾರುಗಳಿಂದ ಲೇಬರ್ ಪಕ್ಷಕ್ಕೇ ಮತವಿತ್ತ ಯೆಹೂದ್ಯ ಗೃಹಸ್ಥನೊಬ್ಬನನ್ನು ಊಹಿಸಿಕೊಳ್ಳಿರಿ. ಒಂದು ಕಡೆ ತನ್ನ ಕುಲದ ಮೇಲಿನ ಭಯ, ಇನ್ನೊಂದು ಕಡೆ ತಾನು ಎಂದೂ ಒಪ್ಪದ ಪಕ್ಷ. ಅವರ ಪ್ರಧಾನ ಧರ್ಮಗುರುಗಳಾದ ಎಫ್ರಾಯಿಮ್ ಮಿರ್ವಿಸ್‌ರು ನವೆಂಬರ್ ಕೊನೆಯಲ್ಲಿ ಪತ್ರಿಕೆಯಲ್ಲಿ ತಮ್ಮ ಕಳವಳವನ್ನು ಬರೆದಾಗಲೂ, ಇಂತಹವರಿಗೇ ಮತ ಕೊಡಿರೆಂದು ಹೇಳದೆ, ಅಂತಃಸಾಕ್ಷಿಗೆ ಬಿಟ್ಟರು. ಗುರುವೇ ಹಾಗೆ ಬಿಟ್ಟಿರುವಾಗ ದೂರದಲ್ಲಿ ಕುಳಿತ ನನಗೆ ಅವನಿಗೆ ಉಪದೇಶಿಸುವ ಅಧಿಕಾರವಿಲ್ಲ. ಅವನು ಮತಪತ್ರವನ್ನು ಬರಿದಾಗಿಯೇ ಹಾಕಿದನೆಂದರೆ ಅದನ್ನು ಮಡಿಯೆಂದು ಕರೆಯಲು ನನ್ನ ನಾಲಗೆ ಏಳದು.

ಮತವಿತ್ತ ಮೇಲಿನ ಮಾತೊಂದು ಉಳಿದಿದೆ. ನನಗೆ ಮುಖ್ಯವಾಗಿ ಕಾಣುವುದೂ ಅದೇ. ಇಬ್ಬರು ಕೆಟ್ಟವರಲ್ಲಿ ಒಬ್ಬನನ್ನು ಆರಿಸಿದವನು ಮರುದಿನದಿಂದ ಅವನನ್ನೇ ಒಳ್ಳೆಯವನೆಂದು ಹೊಗಳತೊಡಗುತ್ತಾನೆ. ತಾನು ತಪ್ಪಿದೆನೆಂದು ಒಪ್ಪಲು ಮನಸ್ಸಿಗೆ ಕಷ್ಟ. ಸುಳ್ಳನ್ನು ಚಾತುರ್ಯವೆಂದೂ ಅಲಕ್ಷ್ಯವನ್ನು ಔದಾರ್ಯವೆಂದೂ ಹೆಸರಿಡುತ್ತಾನೆ. ನುಡಿಯು ನಡೆಯಿಂದ ಬೇರೆಯಾಗುವುದು ಇಲ್ಲಿ. ಮತವೀಯುವಾಗ ಆಗದ ಮೈಲಿಗೆಯು ಈ ಹೊಗಳಿಕೆಯಲ್ಲಿ ಆಗುತ್ತದೆ. “ಇವನು ಸುಳ್ಳನೆಂದು ಬಲ್ಲೆ, ಬಲ್ಲವನಾಗಿಯೇ ಮತವಿತ್ತೆ, ಇನ್ನು ಇವನನ್ನು ಕಾಯುವ ಕೆಲಸ ನನ್ನದು” ಎನ್ನಬಲ್ಲ ಪ್ರಜೆಯ ಕಾಯಕವು ಡಿಸೆಂಬರ್ 12ರಂದು ಮುಗಿಯುವಂತಿರಲಿಲ್ಲ.

ಜಾನ್ಸನ್ನರ ಪಕ್ಷವು ಅಂದು 365 ಸ್ಥಾನಗಳನ್ನು ಗೆದ್ದಿತು. 2022ರ ಜುಲೈಯಲ್ಲಿ ಅವರ ಮಂತ್ರಿಗಳೇ ಸಾಲುಸಾಲಾಗಿ ರಾಜೀನಾಮೆಯಿತ್ತು ಅವರನ್ನು ಇಳಿಸಿದರು. ಅವರು ತಿಳಿದು ತಿಳಿದೇ ಸಭೆಗೆ ತಪ್ಪು ಮಾಹಿತಿ ಕೊಟ್ಟರೆಂದು 2023ರ ಜೂನ್‌ನಲ್ಲಿ ಪಾರ್ಲಿಮೆಂಟಿನ ಸಮಿತಿಯು ನಿರ್ಣಯಿಸಿತು. ಸತ್ಯಕ್ಕೆ ಬೆಲೆಯುಂಟೇ ಎಂದಾಗ ನಕ್ಕ ಸಭಿಕರಿಗೆ ಈ ಸಂಗತಿಯು ಮೂರೂವರೆ ವರ್ಷ ಮೊದಲೇ ತಿಳಿದಿತ್ತು.