ಅಳುವಿಗೊಂದು ಬಿಡುಗಡೆಯ ದಿನ

2022ರ ಅಕ್ಟೋಬರ್ 28, ಶುಕ್ರವಾರ. ಆರು ವರ್ಷದ ಮೇಲೆ ರಿಯಾನಾ ಮತ್ತೆ ಒಬ್ಬಳೇ ಹಾಡಿದ ‘ಲಿಫ್ಟ್ ಮಿ ಅಪ್’ ಬಂದ ದಿನ. ‘ಬ್ಲ್ಯಾಕ್ ಪ್ಯಾಂಥರ್: ವಕಾಂಡಾ ಫಾರೆವರ್’ ಚಿತ್ರದ ಹಾಡು. ಮೊದಲ ಭಾಗದ ನಾಯಕ ಚಾಡ್ವಿಕ್ ಬೋಸ್‌ಮನ್ 2020ರಲ್ಲಿ, 43ನೇ ವಯಸ್ಸಿಗೇ ಕ್ಯಾನ್ಸರಿನಿಂದ ತೀರಿಹೋಗಿದ್ದ. ಅವನ ನೆನಪಿಗೆಂದೇ ಕಟ್ಟಿದ ಹಾಡಿದು.

ವಿಡಿಯೋದಲ್ಲಿ ಹೆಚ್ಚೇನಿಲ್ಲ. ಕಡಲತೀರ, ಬೆಂಕಿ, ಹಾಡುವ ಅವಳು. ನಡುನಡುವೆ ಸಿನಿಮಾದ ತುಣುಕುಗಳು. ಪುಣೆಯ ಪಿಜಿ ರೂಮಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ನೋಡುತ್ತ ನಾನು ಅತ್ತೆ. ಕಣ್ಣೊರೆಸಿಕೊಂಡ ಮೇಲೆ ಮಾಡಿದ ಮೊದಲ ಕೆಲಸ, ನವೆಂಬರ್ 11ಕ್ಕೆ ಟಿಕೆಟ್ ಸಿಗುತ್ತದೆಯೇ ಎಂದು ಹುಡುಕಿದ್ದು. ಅಂದರೆ ಜಾಹೀರಾತು ತನ್ನ ಕೆಲಸ ಮಾಡಿತ್ತು. ಹಾಗಾದರೆ ಆ ಅಳು ನನ್ನದೋ, ಅವರು ಅಳಿಸಿದ್ದೋ?

ಅದೇ ದಿನ ನಮ್ಮ ‘ಗಂಧದಗುಡಿ’ಯೂ ತೆರೆಗೆ ಬಂತು. ಪುನೀತ್ ಹೋಗಿ ಮರುದಿನಕ್ಕೆ ಸರಿಯಾಗಿ ಒಂದು ವರ್ಷ. ತಾರೀಖು ಆರಿಸಿದವರಿಗೆ ಅದು ಗೊತ್ತಿಲ್ಲದೆ ಏನಿಲ್ಲ. ಅಷ್ಟಕ್ಕೇ ಥಿಯೇಟರಿನಲ್ಲಿ ಅತ್ತವರ ಅಳು ಸುಳ್ಳಾಗುತ್ತದೆಯೇ? ಟಿಕೆಟ್ ಕೊಂಡು ಅತ್ತರೂ ಅಳು ಅಳುವೇ. ಸಾವಿನ ಮನೆಯಲ್ಲಿ ರಾತ್ರಿಯಿಡೀ ಹಾಡಿದ ಭಜನೆಯವರ ಕೈಗೆ ನಮ್ಮ ಕಡೆ ಬೆಳಿಗ್ಗೆ ಏನಾದರೂ ಇಡುತ್ತೇವೆ. ಭಜನೆ ಸುಳ್ಳೆಂದು ಯಾರೂ ಅನ್ನುವುದಿಲ್ಲ. ರಿಯಾನಾಳ ಹಾಡನ್ನು ಬರೆದವರಲ್ಲಿ ನೈಜೀರಿಯಾದ ಗಾಯಕಿ ಟೆಮ್ಸ್ ಒಬ್ಬಳು. ತಾನು ಕಳೆದುಕೊಂಡವರನ್ನೆಲ್ಲ ನೆನೆದು ಬರೆದದ್ದು ಎಂದಿದ್ದಳು. ಸಂಭಾವನೆಯೂ ಸಿಕ್ಕಿರುತ್ತದೆ. ಸಿಗಲಿ. (ಮುಂದೆ ಆ ಹಾಡು ಆಸ್ಕರ್ ಕಣಕ್ಕಿಳಿದು ‘ನಾಟು ನಾಟು’ ಎದುರು ಸೋತಿತು. ಸತ್ತವನಿಗಾಗಿ ಹಾಡಿದ್ದು ಗೆಲ್ಲುವುದೂ ಸೋಲುವುದೂ ಎಂಥ ಮಾತೋ!)

ನನಗೆ ಚುಚ್ಚುವುದು ಬೇರೆಯೇ. ಅದರ ಹಿಂದಿನ ವರ್ಷ ನನ್ನ ರೂಮಿನಲ್ಲಿ ಜೊತೆಗಿದ್ದ ಹಾವೇರಿ ಕಡೆಯ ಗೆಳೆಯ ತೀರಿಕೊಂಡ. ಫೇಸ್‌ಬುಕ್ಕಿನಲ್ಲಿ ಎರಡು ಪ್ಯಾರಾ ಬರೆದೆ. ಒಂದಕ್ಷರವೂ ಸುಳ್ಳಲ್ಲ. ಆದರೆ ಅವನ ಊರಿಗೆ ಹೊರಟ ರಾತ್ರಿ ಬಸ್ಸಿನಲ್ಲಿ, ಹುಬ್ಬಳ್ಳಿ ದಾಟುವಷ್ಟರಲ್ಲಿ ನಾಲ್ಕು ಸಲ ಲೈಕು ಎಣಿಸಿದ್ದೆ. ಒಂದು ವಾಕ್ಯ ಇನ್ನೂ ತಟ್ಟಲಿ ಎಂದು ತಿದ್ದಿಯೂ ಇದ್ದೆ. ನನಗೆ ಯಾವ ಸ್ಟುಡಿಯೋವೂ ದುಡ್ಡು ಕೊಟ್ಟಿರಲಿಲ್ಲ.

ರಿಯಾನಾಳ ವಿಡಿಯೋ ತಾನು ಸಿನಿಮಾದ ಪ್ರಚಾರಕ್ಕೆ ಬಂದದ್ದು ಎಂಬುದನ್ನು ಮುಚ್ಚಿಡುವುದಿಲ್ಲ. ಆ ತುಣುಕುಗಳೇ ಹೇಳುತ್ತವೆ. ನನ್ನ ಪೋಸ್ಟಿನಲ್ಲಿ ಅಂಥ ಗುರುತೇ ಇರಲಿಲ್ಲ. ಓದಿದವರೆಲ್ಲ ಅದು ಅವನ ಬಗ್ಗೆ ಮಾತ್ರ ಅಂದುಕೊಂಡರು. ಪಿಜಿ ರೂಮಿನಲ್ಲಿ ನಾನು ಅತ್ತದ್ದು ಬೋಸ್‌ಮನ್‌ಗಂತೂ ಅಲ್ಲ. ಪೋಸ್ಟ್ ಬರೆದ ದಿನ ಅಳಲು ಪುರುಸೊತ್ತಾಗಿರಲಿಲ್ಲ.

ಬೆಳಿಗ್ಗೆ ಅವರ ಮನೆ ಮುಟ್ಟಿದಾಗ ಅವನ ಅವ್ವ ಮೊದಲು ಕೇಳಿದ್ದು, “ಏನರ ತಿಂದಿಯೇನಪಾ?” ಅಂತ. ಜೇಬಿನಲ್ಲಿ ಫೋನು ಟಿಣ್ ಅನ್ನುತ್ತಲೇ ಇತ್ತು.

ಆ ಪೋಸ್ಟ್ ಈಗಲೂ ಇದೆ. ವರ್ಷಕ್ಕೊಮ್ಮೆ ಫೇಸ್‌ಬುಕ್ಕೇ ನೆನಪಿಸುತ್ತದೆ. ತೆಗೆದುಹಾಕೋಣ ಅಂದುಕೊಳ್ಳುತ್ತೇನೆ, ಆದರೆ ಕೆಳಗೆ ಅವನ ತಂಗಿ ಬರೆದ ಒಂದು ಸಾಲು ಇದೆ. ಹಾಗೇ ಬಿಟ್ಟಿದ್ದೇನೆ.